ದಕ್ಷಿಣ ಆಫ್ರಿಕಾ ರಗ್ಬಿ: ಸ್ಕ್ರಮ್‌ಗೆ ಹೆಗಲು ಕೊಟ್ಟವರು ಯಾರು?

ಓದುಗರ ಪ್ರಶ್ನೆ: 2023ರ ರಗ್ಬಿ ವಿಶ್ವಕಪ್ ಫೈನಲ್ ನೋಡಿದಾಗಿನಿಂದ ಈ ಆಟದ ಗುಂಗು ಹಿಡಿದಿದೆ. ದಕ್ಷಿಣ ಆಫ್ರಿಕಾ ತಂಡದ ಬಗ್ಗೆ ಎಲ್ಲಿ ಓದಿದರೂ 1995ರ ಗೆಲುವು, ಮಂಡೇಲಾ ತೊಟ್ಟ ಹಸಿರು ಅಂಗಿ, ಇಷ್ಟೇ ಸಿಗುತ್ತದೆ. ಆ ತಂಡದ ಇತಿಹಾಸದಲ್ಲಿ ಅತಿ ದೊಡ್ಡ ಗಳಿಗೆ ಅದೇಯೇ? ಅವರ ನಿಜವಾದ ದಿಗ್ಗಜರು ಯಾರು? ತಳ್ಳಾಟ ಮತ್ತು ಒದೆತದಿಂದಲೇ ಗೆಲ್ಲುವ ನೀರಸ ತಂಡ ಎಂದು ನನ್ನ ಗೆಳೆಯರು ಹೀಗಳೆಯುತ್ತಾರೆ. ಅದು ಸರಿಯೇ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ನಿಮ್ಮ ಗೆಳೆಯರು ತಳ್ಳಾಟ ಎಂದು ಬದಿಗೆ ತಳ್ಳಿದ ಸಂಗತಿಯಲ್ಲೇ ಮಿಕ್ಕ ಎರಡು ಪ್ರಶ್ನೆಗಳ ಉತ್ತರವೂ ಇದೆ.

ರಗ್ಬಿಯಲ್ಲಿ ಚೆಂಡು ಕೈತಪ್ಪಿ ಮುಂದಕ್ಕೆ ಬಿದ್ದಂಥ ಸಣ್ಣ ತಪ್ಪಾದಾಗ ಆಟವನ್ನು ಮತ್ತೆ ಶುರುಮಾಡುವ ಕ್ರಮಕ್ಕೆ ಸ್ಕ್ರಮ್ ಎನ್ನುತ್ತಾರೆ. ಎರಡೂ ಕಡೆಯ ಎಂಟೆಂಟು ಮಂದಿ ಒಬ್ಬರನ್ನೊಬ್ಬರು ಬಿಗಿಯಾಗಿ ಹಿಡಿದು, ಸೊಂಟ ಬಾಗಿಸಿ, ಎದುರಾಳಿಯ ಭುಜಕ್ಕೆ ಭುಜ ಕೊಟ್ಟು ನೂಕುತ್ತಾರೆ. ಚೆಂಡನ್ನು ನಡುವೆ ಉರುಳಿಬಿಡುತ್ತಾರೆ. ಮುಂಸಾಲಿನ ಮೂವರಲ್ಲಿ ನಡುವಿನವನು ಹೂಕರ್. ಚೆಂಡನ್ನು ಕಾಲಿನಿಂದ ಹಿಂದಕ್ಕೆ ಎಳೆಯುವುದು ಅವನ ಕೆಲಸ. ಅವನ ಎಡಬಲದಲ್ಲಿ ನಿಂತು ಭಾರ ಹೊರುವವರು ಪ್ರಾಪ್‌ಗಳು. ಇಂದಿನ ಅಂತರರಾಷ್ಟ್ರೀಯ ಪಂದ್ಯದಲ್ಲಿ ಒಂದು ಕಡೆಯ ಎಂಟು ಮಂದಿಯ ತೂಕ ಸುಮಾರು 900 ಕಿಲೋ. ಕೆಸರಿನಲ್ಲಿ ಹೂತ ಲಾರಿಗೆ ಹೆಗಲು ಕೊಟ್ಟವರಿಗೆ ಗೊತ್ತು, ಎಲ್ಲರೂ ಒಂದೇ ಉಸಿರಿನಲ್ಲಿ ನೂಕಿದರೆ ಮಾತ್ರ ಚಕ್ರ ಕದಲುತ್ತದೆ. ಇಲ್ಲಿ ಲಾರಿಯೂ ತಿರುಗಿ ನೂಕುತ್ತದೆ. ಒತ್ತಡ ತಾಳಲಾರದೆ ಕುಸಿದ ಅಥವಾ ಹಿಡಿತ ಬಿಟ್ಟ ತಂಡದ ವಿರುದ್ಧ ರೆಫರಿ ಪೆನಾಲ್ಟಿ ಕೊಡುತ್ತಾರೆ. ಆ ಚೆಂಡನ್ನು ಗೋಲು ಕಂಬಗಳ ನಡುವೆ ಒದ್ದರೆ 3 ಅಂಕ.

ದಕ್ಷಿಣ ಆಫ್ರಿಕಾದವರು ಈ ವಿದ್ಯೆಯನ್ನು ನೂರು ವರ್ಷಗಳಿಂದ ಕೈಬಿಟ್ಟಿಲ್ಲ. ಅವರ ಮಹಾ ಗೆಲುವುಗಳು ಮಾತ್ರವಲ್ಲದೆ ತಲೆತಗ್ಗಿಸಿದ ಸೋಲುಗಳೂ ಸ್ಕ್ರಮ್‌ನ ಅಕ್ಕಪಕ್ಕದಲ್ಲೇ ನಡೆದಿವೆ. ಬದಲಾಗುತ್ತ ಬಂದಿರುವುದು ಒಂದೇ: ಆ ಸ್ಕ್ರಮ್‌ಗೆ ಹೆಗಲು ಕೊಡುವ ಹಕ್ಕು ಯಾರಿಗಿತ್ತು ಎಂಬುದು. ಈ ಎರಡು ಎಳೆಗಳನ್ನು ಒಟ್ಟಿಗೆ ಹಿಡಿದರೆ 1995 ಎಲ್ಲಿ ನಿಲ್ಲುತ್ತದೆ ಎಂಬುದು ತಾನಾಗಿ ಕಾಣುತ್ತದೆ.

ಆರಂಭದ ಕಥೆ ಬೇಗ ಮುಗಿಸಬಹುದು. 1891ರಲ್ಲಿ ಬ್ರಿಟಿಷ್ ದ್ವೀಪಗಳ ತಂಡ ಬಂದಾಗ ದಕ್ಷಿಣ ಆಫ್ರಿಕಾ ಮೂರೂ ಟೆಸ್ಟ್ (ರಗ್ಬಿಯಲ್ಲಿ ದೇಶ ದೇಶಗಳ ನಡುವಿನ ಪಂದ್ಯ) ಸೋತಿತು. 1896ರಲ್ಲಿ ಕೇಪ್‌ಟೌನ್‌ನ ನ್ಯೂಲ್ಯಾಂಡ್ಸ್ ಮೈದಾನದಲ್ಲಿ ಮೊದಲ ಟೆಸ್ಟ್ ಗೆಲುವು ಸಿಕ್ಕಿತು. ಅಂದು ನಾಯಕ ಬ್ಯಾರಿ ಹೀಟ್ಲಿ ತಮ್ಮ ಕ್ಲಬ್ಬಿನ ಹಸಿರು ಅಂಗಿಗಳನ್ನೇ ತಂಡಕ್ಕೆ ತೊಡಿಸಿದ್ದರು. ಆ ಬಣ್ಣ ಉಳಿದುಕೊಂಡಿತು. 1906ರಲ್ಲಿ ಪಾಲ್ ರೂಸ್ ನಾಯಕತ್ವದ ತಂಡ ಬ್ರಿಟನ್ನಿಗೆ ಹೋಯಿತು. ಬ್ರಿಟಿಷರಿಗೂ ಡಚ್ ಮೂಲದ ಬಿಳಿಯರಿಗೂ ನಡೆದ ಬೋಯರ್ ಯುದ್ಧ ಮುಗಿದು ನಾಲ್ಕೇ ವರ್ಷವಾಗಿತ್ತು, ಪರಸ್ಪರ ಬಂದೂಕು ಹಿಡಿದಿದ್ದ ಎರಡು ಬಿಳಿಯ ಸಮುದಾಯಗಳವರು ಒಂದೇ ತಂಡದಲ್ಲಿದ್ದರು. ಅಲ್ಲಿನ ಪತ್ರಿಕೆಗಳು ಏನಾದರೊಂದು ಅಡ್ಡಹೆಸರು ಅಂಟಿಸುವ ಮೊದಲೇ ತಮ್ಮ ಬಯಲಿನ ಚಿಮ್ಮುವ ಜಿಂಕೆ ಸ್ಪ್ರಿಂಗ್‌ಬಾಕ್‌ನ ಹೆಸರನ್ನು ಅವರೇ ಇಟ್ಟುಕೊಂಡರು. 1903ರಿಂದ 1956ರವರೆಗೆ ತವರಿನಲ್ಲಾಗಲಿ ಹೊರಗಾಗಲಿ ಈ ತಂಡ ಒಂದು ಟೆಸ್ಟ್ ಸರಣಿಯನ್ನೂ ಸೋಲಲಿಲ್ಲ.

ಆ ಕಾಲದ ಶಿಖರ 1937. ನ್ಯೂಜಿಲೆಂಡ್ ಪ್ರವಾಸದಲ್ಲಿ ಮೊದಲ ಟೆಸ್ಟ್ ಆತಿಥೇಯರದ್ದಾಯಿತು, ಎರಡನೆಯದು ಸ್ಪ್ರಿಂಗ್‌ಬಾಕ್‌ಗಳದ್ದು. ಮೂರನೆಯದು ಸೆಪ್ಟೆಂಬರ್ 25ರಂದು ಆಕ್ಲೆಂಡಿನ ಈಡನ್ ಪಾರ್ಕಿನಲ್ಲಿ. ಪಂದ್ಯಕ್ಕೆ ಮುಂಚೆ ಹಳೆಯ ನಾಯಕ ಪಾಲ್ ರೂಸ್ ಅವರಿಂದ ತಂತಿ ಬಂತು. ಅದರಲ್ಲಿ ಇದ್ದದ್ದು ಒಂದೇ ಪದ, ಮೂರು ಬಾರಿ: ‘ಸ್ಕ್ರಮ್, ಸ್ಕ್ರಮ್, ಸ್ಕ್ರಮ್’. ಚೆಂಡು ಬದಿಯ ಗೆರೆಯಾಚೆ ಹೋದಾಗ ಲೈನ್‌ಔಟ್ (ಎರಡೂ ತಂಡಗಳ ಸಾಲುಗಳ ನಡುವೆ ಚೆಂಡನ್ನು ಒಳಗೆಸೆಯುವ ಕ್ರಮ) ಬದಲು ಸ್ಕ್ರಮ್ ಕೇಳುವ ಅವಕಾಶ ಆಗಿನ ನಿಯಮದಲ್ಲಿತ್ತು. ನಾಯಕ ಫಿಲಿಪ್ ನೆಲ್ ಅದನ್ನೇ ಕೇಳುತ್ತ ಹೋದರು. ಲೌ ಸಹೋದರರಾದ ಬಾಯ್ ಮತ್ತು ಫಾನಿ, ನಡುವೆ ಹೂಕರ್ ಯಾನ್ ಲೋಟ್ಸ್, ಈ ಮೂವರ ಮುಂಸಾಲು ನ್ಯೂಜಿಲೆಂಡಿನವರನ್ನು ಸ್ಕ್ರಮ್ ನಂತರ ಸ್ಕ್ರಮ್‌ನಲ್ಲಿ ಹಿಮ್ಮೆಟ್ಟಿಸಿತು. ಗೆಲುವು 17-6. ಚೆಂಡನ್ನು ಎದುರಾಳಿಯ ಗೋಲು ಗೆರೆಯಾಚೆ ನೆಲಕ್ಕೆ ಒತ್ತುವುದೇ ಟ್ರೈ. ಗೆದ್ದವರು ಐದು ಟ್ರೈ ಹೊಡೆದರೆ ಸೋತವರದು ಒಂದೂ ಇಲ್ಲ. ನಿಮ್ಮ ಗೆಳೆಯರಿಗೆ ಈ ಅಂಕಿಯನ್ನು ಹೇಳಿ. ಎಂಟು ಮಂದಿಯನ್ನು ಹಿಂದಕ್ಕೆ ನೂಕಿದರೆ ಅವರ ಹಿಂದಿನ ಏಳು ಮಂದಿ ಹಿಂದಕ್ಕೆ ನಡೆಯುತ್ತಲೇ ಟ್ಯಾಕಲ್ ಮಾಡಬೇಕಾಗುತ್ತದೆ, ಅಂದರೆ ಚೆಂಡು ಹಿಡಿದವನನ್ನು ಕೆಡವಬೇಕಾಗುತ್ತದೆ. ಓಟಗಾರರಿಗೆ ಬಯಲು ತೆರೆಯುವುದೇ ಆಗ. ತಳ್ಳಾಟ ಗಟ್ಟಿಯಾಗಿದ್ದರಿಂದಲೇ ಆ ಐದು ಟ್ರೈಗಳು ಬಂದವು.

ಆ ತಂಡದ ಉಪನಾಯಕ ಡಾನಿ ಕ್ರಾವೆನ್. ಸ್ಕ್ರಮ್‌ನ ಹಿಂದಿನಿಂದ ಚೆಂಡೆತ್ತಿಕೊಂಡು, ದೇಹವನ್ನೇ ಅಡ್ಡಡ್ಡ ಎಸೆದು ದೂರಕ್ಕೆ ಪಾಸ್ ಕೊಡುವ ಕಲೆಯಿಂದ ಹೆಸರಾದವರು. ಮುಂದೆ 1956ರಿಂದ 1993ರಲ್ಲಿ ಸಾಯುವವರೆಗೆ ದೇಶದ ರಗ್ಬಿ ಆಡಳಿತದ ಚುಕ್ಕಾಣಿ ಹಿಡಿದವರೂ ಅವರೇ. ಆಟವನ್ನು ಅವರಷ್ಟು ಆಳವಾಗಿ ಬಲ್ಲವರು ಕಡಿಮೆ. ಆದರೆ ಆ ಮೂವತ್ತೇಳು ವರ್ಷಗಳಲ್ಲಿ ಬಹುಪಾಲು ಹಸಿರು ಅಂಗಿ ಬಿಳಿಯರಿಗಷ್ಟೇ ಮೀಸಲಾಗಿತ್ತು ಎಂಬುದನ್ನೂ ಅವರ ಹೆಸರಿನ ಜೊತೆಯಲ್ಲೇ ಹೇಳಬೇಕು.

ದಕ್ಷಿಣ ಆಫ್ರಿಕಾದಲ್ಲಿ ರಗ್ಬಿ ಬಿಳಿಯರ ಆಟ, ಕಪ್ಪು ಜನರದ್ದು ಫುಟ್‌ಬಾಲ್ ಎಂಬ ಮಾತನ್ನು ನೀವು ಕೇಳಿರಬಹುದು. ಅದು ಅರ್ಧ ಸುಳ್ಳು. ಪೂರ್ವ ಕೇಪ್ ಪ್ರಾಂತ್ಯದ ಮಿಷನ್ ಶಾಲೆಗಳಲ್ಲಿ ಕಪ್ಪು ಹುಡುಗರು 19ನೇ ಶತಮಾನದಲ್ಲೇ ರಗ್ಬಿ ಆಡುತ್ತಿದ್ದರು. ಪೋರ್ಟ್ ಎಲಿಜಬೆತ್ ಸುತ್ತಮುತ್ತ ತಲೆಮಾರುಗಳಿಂದ ನಡೆದುಬಂದ ಕ್ಲಬ್ಬುಗಳಿದ್ದವು. ಕೇಪ್‌ಟೌನ್‌ನಲ್ಲಿ ಮಲಯ್ ಮೂಲದ ಮುಸ್ಲಿಮರು, ಮಿಶ್ರ ಜನಾಂಗದವರು ತಮ್ಮದೇ ಲೀಗ್‌ಗಳನ್ನು ನಡೆಸುತ್ತಿದ್ದರು. ಹುಲ್ಲಿಲ್ಲದ, ಕಲ್ಲು ತುಂಬಿದ ಮೈದಾನಗಳಲ್ಲಿ ಆಡಿದ ಈ ಜನ ಸ್ಪ್ರಿಂಗ್‌ಬಾಕ್ ಪಂದ್ಯಕ್ಕೆ ಹೋದರೆ ಬೇಲಿ ಹಾಕಿದ ಪ್ರತ್ಯೇಕ ಆವರಣದಲ್ಲಿ ನಿಲ್ಲಬೇಕಿತ್ತು. ಅವರು ಅಲ್ಲಿಂದ ಎದುರಾಳಿ ತಂಡಕ್ಕೆ ಜೈಕಾರ ಹಾಕುತ್ತಿದ್ದರು. ರಾಬೆನ್ ದ್ವೀಪದ ಸೆರೆಮನೆಯಲ್ಲಿ ತಾವೂ ಸ್ಪ್ರಿಂಗ್‌ಬಾಕ್‌ಗಳ ಸೋಲನ್ನೇ ಬಯಸುತ್ತಿದ್ದೆವು ಎಂದು ಮಂಡೇಲಾ ಹೇಳಿಕೊಂಡಿದ್ದಾರೆ.

ಹೊರಗಿನವರೂ ಈ ಅನ್ಯಾಯಕ್ಕೆ ತಲೆಬಾಗಿದರು. 1928ರಲ್ಲಿ ನ್ಯೂಜಿಲೆಂಡ್ ತನ್ನ ಶ್ರೇಷ್ಠ ಫುಲ್‌ಬ್ಯಾಕ್ ಜಾರ್ಜ್ ನೇಪಿಯಾ ಅವರನ್ನು ಮಾವೊರಿ (ಅಲ್ಲಿನ ಮೂಲನಿವಾಸಿ) ಎಂಬ ಕಾರಣಕ್ಕೆ ಬಿಟ್ಟು ದಕ್ಷಿಣ ಆಫ್ರಿಕಾಕ್ಕೆ ಬಂತು. 1949ರಲ್ಲೂ ಮಾವೊರಿಗಳನ್ನು ಬಿಟ್ಟೇ ಬಂದು 4-0 ಅಂತರದಲ್ಲಿ ಸರಣಿ ಸೋತಿತು. ಆ ಸರಣಿಯ ನಾಯಕಮಣಿ ಪ್ರಾಪ್ ಓಕಿ ಗೆಫಿನ್. ಎರಡನೇ ಮಹಾಯುದ್ಧದಲ್ಲಿ ಸೆರೆಸಿಕ್ಕು, ಯುದ್ಧಕೈದಿಗಳ ಶಿಬಿರದಲ್ಲಿ ಒದೆತ ರೂಢಿಸಿಕೊಂಡಿದ್ದ ಅವರು ಮೊದಲ ಟೆಸ್ಟಿನಲ್ಲಿ ಐದು ಪೆನಾಲ್ಟಿ ಒದ್ದು ತಂಡದ 15 ಅಂಕಗಳನ್ನೂ ತಾವೇ ಗಳಿಸಿದರು. 1951ರಲ್ಲಿ ಎಡಿನ್‌ಬರೋದಲ್ಲಿ ಸ್ಕಾಟ್ಲೆಂಡನ್ನು 44-0ರಿಂದ ಮಣಿಸಿದ್ದೂ ಇದೇ ಪೀಳಿಗೆ. ನ್ಯೂಜಿಲೆಂಡ್ ಸೇಡು ತೀರಿಸಿಕೊಂಡದ್ದು 1956ರಲ್ಲಿ, ಅದೂ ಸ್ಕ್ರಮ್‌ನಲ್ಲಿ. ಮೂರನೇ ಟೆಸ್ಟಿಗೆ ನಿವೃತ್ತ ಪ್ರಾಪ್, ಮಾಜಿ ಹೆವಿವೇಟ್ ಬಾಕ್ಸಿಂಗ್ ಚಾಂಪಿಯನ್ ಕೆವಿನ್ ಸ್ಕಿನ್ನರ್ ಅವರನ್ನು ಮರಳಿ ಕರೆತಂದರು. ಸ್ಪ್ರಿಂಗ್‌ಬಾಕ್‌ಗಳ ಮುಂಸಾಲು ನಲುಗಿತು, ಸರಣಿ 3-1ರಲ್ಲಿ ಕೈತಪ್ಪಿತು.

ಮುಂದಿನ ಕಾಲು ಶತಮಾನದ ದೊಡ್ಡ ಗಳಿಗೆಗಳು ಗೆರೆಯಾಚೆ ನಡೆದವು. 1969-70ರ ಬ್ರಿಟನ್ ಮತ್ತು ಐರ್ಲೆಂಡ್ ಪ್ರವಾಸದಲ್ಲಿ ಹೋದಲ್ಲೆಲ್ಲ ವರ್ಣಭೇದ ವಿರೋಧಿಗಳ ಪ್ರತಿಭಟನೆ. ನಾಲ್ಕು ಟೆಸ್ಟ್‌ಗಳಲ್ಲಿ ಒಂದನ್ನೂ ತಂಡ ಗೆಲ್ಲಲಿಲ್ಲ. 1971ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಸರ್ಕಾರ ಪಂದ್ಯ ನಡೆಸುವುದಕ್ಕಾಗಿ ತುರ್ತುಪರಿಸ್ಥಿತಿಯನ್ನೇ ಘೋಷಿಸಿತು. ಆಸ್ಟ್ರೇಲಿಯಾದ ಏಳು ಆಟಗಾರರು ಈ ತಂಡದೆದುರು ಆಡುವುದಿಲ್ಲ ಎಂದರು. ಅಂದು ಅವರನ್ನು ದೇಶದ್ರೋಹಿಗಳಂತೆ ಕಂಡವರೇ ಹೆಚ್ಚು. ಭಾರತದ ಪಾಲೂ ಇಲ್ಲಿದೆ: 1974ರಲ್ಲಿ ಡೇವಿಸ್ ಕಪ್ ಟೆನಿಸ್ ಫೈನಲ್ ತಲುಪಿದ್ದ ನಮ್ಮ ತಂಡ ದಕ್ಷಿಣ ಆಫ್ರಿಕಾದ ಎದುರು ಆಡದೆ ಕಪ್ಪನ್ನೇ ಬಿಟ್ಟುಕೊಟ್ಟಿತು. ಗೆಲ್ಲುವ ಅವಕಾಶ ಕೈಯಲ್ಲಿದ್ದಾಗ ಹಾಗೆ ಮಾಡುವುದು ಸುಲಭವಲ್ಲ. ನಮ್ಮ ಕ್ರೀಡಾ ಇತಿಹಾಸದಲ್ಲಿ ಅದಕ್ಕಿಂತ ಹೆಮ್ಮೆಯ ಸೋಲು ನನಗೆ ಗೊತ್ತಿಲ್ಲ. 1976ರ ಜೂನ್ 16ರಂದು ಸೊವೆಟೊದಲ್ಲಿ ಶಾಲಾ ಮಕ್ಕಳ ಮೇಲೆ ಪೊಲೀಸರು ಗುಂಡು ಹಾರಿಸಿದ ಬೆನ್ನಲ್ಲೇ ನ್ಯೂಜಿಲೆಂಡ್ ರಗ್ಬಿ ತಂಡ ಅಲ್ಲಿಗೆ ಹೋಯಿತು. ಅದನ್ನು ಖಂಡಿಸಿ ಆಫ್ರಿಕಾದ ಬಹುತೇಕ ದೇಶಗಳು ಮಾಂಟ್ರಿಯಲ್ ಒಲಿಂಪಿಕ್ಸ್ ಬಹಿಷ್ಕರಿಸಿದವು.

1981ರ ನ್ಯೂಜಿಲೆಂಡ್ ಪ್ರವಾಸದ ಚಿತ್ರಗಳನ್ನು ಸಾಧ್ಯವಾದರೆ ನೋಡಿ. ಹ್ಯಾಮಿಲ್ಟನ್‌ನಲ್ಲಿ ಪ್ರತಿಭಟನಕಾರರು ಬೇಲಿ ಮುರಿದು ಮೈದಾನದ ನಡುವೆ ಕೈಕೈ ಹಿಡಿದು ನಿಂತರು, ಪಂದ್ಯ ರದ್ದಾಯಿತು. ಸೆಪ್ಟೆಂಬರ್ 12ರಂದು ಈಡನ್ ಪಾರ್ಕಿನಲ್ಲಿ ನಿರ್ಣಾಯಕ ಟೆಸ್ಟ್ ನಡೆಯುತ್ತಿದ್ದಾಗ ಪುಟ್ಟ ವಿಮಾನವೊಂದು ಗೋಲು ಕಂಬಗಳಿಗೆ ತಾಗುವಷ್ಟು ಕೆಳಗೆ ಮತ್ತೆ ಮತ್ತೆ ಹಾರಿ ಹಿಟ್ಟಿನ ಪೊಟ್ಟಣಗಳನ್ನು ಉದುರಿಸಿತು. ಒಂದು ಪೊಟ್ಟಣ ತಗುಲಿ ನ್ಯೂಜಿಲೆಂಡಿನ ಪ್ರಾಪ್ ಗ್ಯಾರಿ ನೈಟ್ ನೆಲಕ್ಕೆ ಬಿದ್ದರು. ರೇ ಮಾರ್ಟ್ ಅಂದು ಮೂರು ಟ್ರೈ ಹೊಡೆದರೂ ಕೊನೆಯ ಗಳಿಗೆಯ ಪೆನಾಲ್ಟಿಯಿಂದ 25-22ಕ್ಕೆ ನ್ಯೂಜಿಲೆಂಡ್ ಗೆದ್ದಿತು.

ಆ ಪ್ರವಾಸದ ತಂಡದಲ್ಲಿ ಎರೊಲ್ ಟೋಬಿಯಾಸ್ ಇದ್ದರು. ಅದೇ ವರ್ಷ ಮೇ ತಿಂಗಳಲ್ಲಿ ಐರ್ಲೆಂಡ್ ವಿರುದ್ಧ ಆಡಿ, ಟೆಸ್ಟ್‌ನಲ್ಲಿ ಹಸಿರು ಅಂಗಿ ತೊಟ್ಟ ಮೊದಲ ಬಿಳಿಯೇತರ ಆಟಗಾರರಾಗಿದ್ದರು. ಅವರ ಪಾಡನ್ನು ಊಹಿಸಿ. ಬಿಳಿಯರಲ್ಲಿ ಅನೇಕರಿಗೆ ಆತ ಜಗತ್ತಿಗೆ ತೋರಿಸಲು ಇಟ್ಟುಕೊಂಡ ಮುಖ. ‘ಅಸಹಜ ಸಮಾಜದಲ್ಲಿ ಸಹಜ ಕ್ರೀಡೆ ಇರದು’ ಎಂಬ ಘೋಷಣೆಯಡಿ ಬಹಿಷ್ಕಾರ ನಡೆಸುತ್ತಿದ್ದ ತಮ್ಮವರಿಗೆ ಆತ ಶತ್ರುಪಾಳಯ ಸೇರಿದವನು. ಈ ಎರಡರ ನಡುವೆ ನಿಂತು 1984ರಲ್ಲಿ ಇಂಗ್ಲೆಂಡ್ ವಿರುದ್ಧ, ದಾಳಿಗೆ ದಿಕ್ಕು ತೋರುವ ಫ್ಲೈ ಹಾಫ್ ಸ್ಥಾನದಲ್ಲಿ ಎರಡೂ ಟೆಸ್ಟ್ ಆಡಿದರು. ಬಹಿಷ್ಕಾರ ಸರಿಯಾಗಿತ್ತು ಎಂದು ನಾನು ನಂಬುತ್ತೇನೆ. ಟೋಬಿಯಾಸ್ ಅವರ ಧೈರ್ಯವೂ ನಿಜವಾಗಿತ್ತು. ದಿಗ್ಗಜರ ಪಟ್ಟಿ ಮಾಡುವವರು ಅವರ ಹೆಸರನ್ನು ಅಡಿಟಿಪ್ಪಣಿಗೆ ಇಳಿಸುವುದು ನನಗೆ ಸಹ್ಯವಲ್ಲ.

1984ರ ಬಳಿಕ ದೇಶ ಬಹುತೇಕ ಒಂಟಿಯಾಯಿತು. 1987 ಮತ್ತು 1991ರ ವಿಶ್ವಕಪ್‌ಗಳಲ್ಲಿ ಆಡಲೇ ಇಲ್ಲ. ಆ ವರ್ಷಗಳು ನುಂಗಿದವರಲ್ಲಿ ದೊಡ್ಡವರು ಡಾನಿ ಗರ್ಬರ್. 24 ಟೆಸ್ಟ್‌ಗಳಲ್ಲಿ 19 ಟ್ರೈ ಹೊಡೆದ ಈ ಸೆಂಟರ್ ಆಟಗಾರ ಇನ್ನೊಂದು ದೇಶದಲ್ಲಿ ಹುಟ್ಟಿದ್ದರೆ ಅವರ ಹೆಸರು ನಿಮಗೆ ಈಗಾಗಲೇ ಗೊತ್ತಿರುತ್ತಿತ್ತು. ಬಹಿಷ್ಕಾರ ಮುಗಿದಾಗ ಕ್ರಿಕೆಟ್ ತಂಡ 1991ರ ನವೆಂಬರ್‌ನಲ್ಲಿ ಕೋಲ್ಕತ್ತಾದ ಈಡನ್ ಗಾರ್ಡನ್ಸ್‌ಗೆ ಬಂದದ್ದು ನಮ್ಮಲ್ಲಿ ಅನೇಕರ ನೆನಪಿನಲ್ಲಿದೆ. ರಗ್ಬಿ ತಂಡ ಮರಳಿದ್ದು 1992ರ ಆಗಸ್ಟ್ 15ರಂದು, ಜೊಹಾನ್ಸ್‌ಬರ್ಗಿನ ಎಲಿಸ್ ಪಾರ್ಕಿನಲ್ಲಿ ನ್ಯೂಜಿಲೆಂಡ್ ಎದುರು. ಹಳೆಯ ರಾಷ್ಟ್ರಗೀತೆ ಬೇಡ ಎಂಬ ಒಪ್ಪಂದವಾಗಿತ್ತು. ಸೇರಿದ್ದ ಬಿಳಿಯ ಪ್ರೇಕ್ಷಕರು ಅದನ್ನೇ ಗಟ್ಟಿಯಾಗಿ ಹಾಡಿದರು. ಪಂದ್ಯವೂ 27-24ಕ್ಕೆ ಹೋಯಿತು.

ಅದೇ ಎಲಿಸ್ ಪಾರ್ಕಿನಲ್ಲಿ ಮೂರೇ ವರ್ಷಗಳ ಬಳಿಕ ನಡೆದದ್ದನ್ನು ನೀವು ಬಲ್ಲಿರಿ. ಚಿತ್ರಗಳಲ್ಲಿ ಕಾಣದ ಒಂದೆರಡು ಸಂಗತಿಗಳನ್ನು ಮಾತ್ರ ಸೇರಿಸುತ್ತೇನೆ. ಡರ್ಬನ್‌ನಲ್ಲಿ ಫ್ರಾನ್ಸ್ ವಿರುದ್ಧದ ಸೆಮಿಫೈನಲ್ ಮಳೆಯಿಂದ ರದ್ದಾಗಿದ್ದರೆ ದಕ್ಷಿಣ ಆಫ್ರಿಕಾ ಹೊರಬೀಳುತ್ತಿತ್ತು. ಕೆನಡಾ ಎದುರಿನ ಹೊಡೆದಾಟದ ಪಂದ್ಯದಲ್ಲಿ ದಕ್ಷಿಣ ಆಫ್ರಿಕಾದ ಆಟಗಾರನಿಗೆ ರೆಡ್ ಕಾರ್ಡ್ ಬಿದ್ದಿದ್ದರಿಂದ ನಿಯಮ ಫ್ರಾನ್ಸ್ ಕಡೆಗಿತ್ತು. ನೀರು ನಿಂತ ಮೈದಾನವನ್ನು ಕಪ್ಪು ಮಹಿಳೆಯರು ಪೊರಕೆ ಹಿಡಿದು ಗುಡಿಸಿದರು. 19-15ರಲ್ಲಿ ಮುಂದಿದ್ದಾಗ ಕೊನೆಯ ನಿಮಿಷಗಳೆಲ್ಲ ದಕ್ಷಿಣ ಆಫ್ರಿಕಾದ ಗೆರೆಯ ಬಳಿಯ ಸ್ಕ್ರಮ್‌ಗಳಲ್ಲೇ ಕಳೆದವು. ಹಿಂದಿನಿಂದ ನೂಕುತ್ತಿದ್ದ ಕೋಬಸ್ ವೀಸ್, ಮುಂಸಾಲಿನ ಬಾಲಿ ಸ್ವಾರ್ಟ್‌ಗೆ, ಮೇಲಕ್ಕಾದರೂ ಹೋಗು, ಕೆಳಕ್ಕಾದರೂ ಹೋಗು, ಹಿಂದಕ್ಕೆ ಮಾತ್ರ ಹೋಗಬೇಡ ಎಂದರಂತೆ. ಫೈನಲ್‌ನಲ್ಲಿ, ಅಂದರೆ ಜೂನ್ 24ರಂದು, ಎದುರಾಳಿ ನ್ಯೂಜಿಲೆಂಡಿನ ಜೋನಾ ಲೋಮು ಎಂಬ ದೈತ್ಯ ವಿಂಗರ್‌ಗೆ (ಅಂಚಿನ ಓಟಗಾರ) ಒಂದು ಟ್ರೈಯನ್ನೂ ಕೊಡಲಿಲ್ಲ. ಯೂಸ್ಟ್ ವಾನ್ ಡರ್ ವೆಸ್ಟ್‌ಹೈಜನ್ ಆತನ ಕಾಲಿಗೆ ಹಾರಿ ಬಿದ್ದ ರೀತಿಯನ್ನು ಇಂದಿಗೂ ತರಬೇತಿ ಶಿಬಿರಗಳಲ್ಲಿ ತೋರಿಸುವಂತಿದೆ. ಹೆಚ್ಚುವರಿ ಆಟದ ದ್ವಿತೀಯಾರ್ಧ, ಅಂಕ 12-12, ಮತ್ತೊಂದು ಸ್ಕ್ರಮ್. ನಾಯಕನ ಕಡೆಯಿಂದ ಬಂದ ಸೂಚನೆ ಬೇರೆಯಿತ್ತು. ಫ್ಲೈ ಹಾಫ್ ಜೋಯೆಲ್ ಸ್ಟ್ರಾನ್ಸ್ಕಿ ಅದನ್ನು ಬದಲಿಸಿ ಚೆಂಡನ್ನು ತಮಗೆ ಕೊಡಿಸಿಕೊಂಡು ಡ್ರಾಪ್ ಗೋಲ್ ಒದ್ದರು, ಅಂದರೆ ಚೆಂಡನ್ನು ನೆಲಕ್ಕೆ ಬಿಟ್ಟು ಪುಟಿದೊಡನೆ ಕಂಬಗಳ ನಡುವೆ ಹಾಯಿಸಿದರು. 15-12. ತಂಡದ 15 ಅಂಕಗಳೂ ಅವರವೇ.

ಅಂದಿನ ಮಂಡೇಲಾ ಅವರ ನಡೆ ಅಸಾಧಾರಣ. ತನ್ನನ್ನು ಸೆರೆಯಲ್ಲಿಟ್ಟವರು ಪೂಜಿಸುತ್ತಿದ್ದ ಅಂಗಿಯನ್ನು, ನಾಯಕ ಫ್ರಾನ್ಸ್ವಾ ಪಿನಾರ್ ಅವರ 6ನೇ ಸಂಖ್ಯೆಯ ಸಹಿತ, ತಾನೇ ತೊಟ್ಟು ಮೈದಾನಕ್ಕಿಳಿಯಲು ಬೇಕಾದ ದೊಡ್ಡತನವನ್ನು ಅಳೆಯುವುದು ಕಷ್ಟ. ಆದರೆ ತಂಡದ ಕಡೆ ನೋಡಿ. ಕಣಕ್ಕಿಳಿದ ಹದಿನೈದು ಮಂದಿಯಲ್ಲಿ ಬಿಳಿಯನಲ್ಲದವರು ಒಬ್ಬರೇ, ಚೆಸ್ಟರ್ ವಿಲಿಯಮ್ಸ್. ಗಾಯಗೊಂಡು ಹೊರಗಿದ್ದ ಅವರು ಮತ್ತೊಬ್ಬ ಆಟಗಾರ ನಿಷೇಧಕ್ಕೊಳಗಾದಾಗ ತಂಡಕ್ಕೆ ಮರಳಿ, ಕ್ವಾರ್ಟರ್‌ಫೈನಲ್‌ನಲ್ಲಿ ಪಶ್ಚಿಮ ಸಮೋವಾ ವಿರುದ್ಧ ನಾಲ್ಕು ಟ್ರೈ ಹೊಡೆದಿದ್ದರು. ವಿಮಾನಗಳ ಮೇಲೆಲ್ಲ ಅವರ ಮುಖ. ತಂಡದೊಳಗೇ ಜನಾಂಗೀಯ ನಿಂದನೆ ಅನುಭವಿಸಿದ್ದನ್ನು ಅವರು ಬಹಳ ವರ್ಷಗಳ ಮೇಲೆ ಹೇಳಿಕೊಂಡರು. ಫೈನಲ್ ನಡೆದು ಎರಡು ವರ್ಷ ತುಂಬುವ ಮೊದಲೇ, 1997ರಲ್ಲಿ, ಆ ಹೊತ್ತಿಗೆ ಕೋಚ್ ಆಗಿದ್ದವರು ಆಡಿದ ಜನಾಂಗೀಯ ಮಾತುಗಳ ಧ್ವನಿಮುದ್ರಣ ಹೊರಬಿದ್ದು ಅವರು ರಾಜೀನಾಮೆ ಕೊಡಬೇಕಾಯಿತು. 1995 ಒಂದು ಭಾಷೆ ಕೊಟ್ಟ ದಿನ. ಕೊಟ್ಟ ಭಾಷೆ ನಡೆಯಲು ಇನ್ನೂ ಇಪ್ಪತ್ತನಾಲ್ಕು ವರ್ಷ ಬೇಕಾಯಿತು ಎಂಬುದು ನನ್ನ ಎಣಿಕೆ.

ನಡುವಿನ ಕಾಲದಲ್ಲಿ ಗೆಲುವುಗಳಿಗೆ ಕೊರತೆಯಿರಲಿಲ್ಲ. 1997-98ರಲ್ಲಿ ಸತತ 17 ಟೆಸ್ಟ್ ಗೆದ್ದರು. 2007ರಲ್ಲಿ ಪ್ಯಾರಿಸ್‌ನಲ್ಲಿ ಇಂಗ್ಲೆಂಡನ್ನು 15-6ರಿಂದ ಸೋಲಿಸಿ ಎರಡನೇ ವಿಶ್ವಕಪ್ ಎತ್ತಿದರು. ಲೈನ್‌ಔಟ್‌ನಲ್ಲಿ ವಿಕ್ಟರ್ ಮ್ಯಾಟ್‌ಫೀಲ್ಡ್ ಎದುರಾಳಿಯ ಚೆಂಡನ್ನೂ ತನ್ನದೆಂಬಂತೆ ಹಿಡಿಯುತ್ತಿದ್ದರು. ಬ್ರಯಾನ್ ಹಬಾನಾ ಆ ಟೂರ್ನಿಯಲ್ಲಿ ಎಂಟು ಟ್ರೈ ಹೊಡೆದು ಲೋಮು ದಾಖಲೆ ಸರಿಗಟ್ಟಿದರು. ಪ್ರಾಪ್ ಓಸ್ ಡು ರಾಂಟ್ 1995ರ ಫೈನಲ್‌ನಲ್ಲಿಯೂ ಹನ್ನೆರಡು ವರ್ಷಗಳ ಮೇಲೆ ಇಲ್ಲಿಯೂ ಮುಂಸಾಲಿನಲ್ಲಿದ್ದರು. ಆ ಜಾಗದಲ್ಲಿ ಅಷ್ಟು ಕಾಲ ಕತ್ತು, ಬೆನ್ನು, ಮೊಣಕಾಲು ಉಳಿಸಿಕೊಳ್ಳುವುದೇ ಒಂದು ಸಾಧನೆ.

ಆಮೇಲೆ ಕುಸಿತ. 2015ರ ಸೆಪ್ಟೆಂಬರ್ 19ರಂದು ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಎದುರಾಳಿ ಜಪಾನ್. ಪಂದ್ಯ ಮುಗಿಯುವ ಹೊತ್ತಿಗೆ ಮೂರು ಅಂಕ ಹಿಂದಿದ್ದ ಜಪಾನ್‌ಗೆ ಪೆನಾಲ್ಟಿ ಸಿಕ್ಕಿತು. ಒದ್ದರೆ ಸಮಬಲ. ನಾಯಕ ಮೈಕಲ್ ಲೀಚ್ ಸ್ಕ್ರಮ್ ಕೇಳಿದರು! ಸ್ಕ್ರಮ್‌ನಲ್ಲೇ ಹುಟ್ಟಿ ಬೆಳೆದ ತಂಡದ ಎದುರು, ಆ ತಂಡದ ಒಬ್ಬ ಪ್ರಾಪ್ ಹಳದಿ ಕಾರ್ಡ್ ಪಡೆದು ಹೊರಗೆ ಕುಳಿತಿದ್ದಾಗ, ಅದನ್ನೇ ಕೇಳಿದರು. ಅಲ್ಲಿಂದ ಹೊರಟ ಚೆಂಡು ಕೊನೆಗೆ ಕಾರ್ನೆ ಹೆಸ್ಕೆತ್ ಕೈಗೆ ಸಿಕ್ಕಿ ಮೂಲೆಯಲ್ಲಿ ಟ್ರೈ ಆಯಿತು, 34-32. ಮರುವರ್ಷ ಇಟಲಿಗೆ ಸೋಲು. 2017ರಲ್ಲಿ ನ್ಯೂಜಿಲೆಂಡ್ ಎದುರು 57-0.

ಇಂಥ ಹೊತ್ತಿನಲ್ಲಿ, 2018ರಲ್ಲಿ, ಕೋಚ್ ಆಗಿ ಬಂದ ರಾಸಿ ಎರಾಸ್ಮಸ್ ನಾಯಕನನ್ನಾಗಿ ಆರಿಸಿದ್ದು ಸಿಯಾ ಕೊಲಿಸಿ ಅವರನ್ನು. 127 ವರ್ಷಗಳಲ್ಲಿ ಟೆಸ್ಟ್ ತಂಡದ ಮೊದಲ ಕಪ್ಪು ನಾಯಕ. ಕೊಲಿಸಿ ಹುಟ್ಟಿದ್ದು 1991ರ ಜೂನ್ 16ರಂದು. ಮರುದಿನವೇ, ಪ್ರಜೆಗಳನ್ನು ಜನಾಂಗದ ಪ್ರಕಾರ ನೋಂದಾಯಿಸುತ್ತಿದ್ದ ಕಾನೂನು ರದ್ದಾಯಿತು. ಊರು ಪೋರ್ಟ್ ಎಲಿಜಬೆತ್‌ನ ಹೊರಗೆ ಕಪ್ಪು ಜನರಿಗೆಂದು ಕಟ್ಟಿದ ಜ್ವಿಡೆ ಎಂಬ ಬಡಾವಣೆ. ಸಾಕಿದ್ದು ಅಜ್ಜಿ. 2007ರ ಫೈನಲ್ ನೋಡಲು ಮನೆಯಲ್ಲಿ ಟಿ.ವಿ. ಇಲ್ಲದೆ ಬಡಾವಣೆಯ ಹೆಂಡದಂಗಡಿಗೆ ಹೋಗಿದ್ದರು. ಅವರು ಆಡಿ ಬೆಳೆದ ಆ ಜ್ವಿಡೆಯಲ್ಲೇ ಡಾನ್ ಕೆಕೆ ಅವರ ಹೆಸರಿನ ಕ್ರೀಡಾಂಗಣವಿದೆ. ವರ್ಣಭೇದದ ಕಾಲದಲ್ಲಿ ಸರ್ಕಾರದ ಕಣ್ಗಾವಲಿನ ಅಡಿಯಲ್ಲೇ ಜನಾಂಗಭೇದವಿಲ್ಲದ ರಗ್ಬಿ ಒಕ್ಕೂಟವನ್ನು ಅಲ್ಲಿ ಕಟ್ಟಿದ ಸಂಘಟಕ ಆತ. ಕೊಲಿಸಿ ಕಥೆಯನ್ನು ವಿದ್ಯಾರ್ಥಿವೇತನದಿಂದ ಶ್ರೀಮಂತ ಶಾಲೆ ಸೇರಿದ ಬಡ ಹುಡುಗನ ಅದೃಷ್ಟದಂತೆ ಹೇಳುವವರು ಈ ಕ್ರೀಡಾಂಗಣವನ್ನು ಮರೆಯುತ್ತಾರೆ. ಅವರಿಗೆ ಚೆಂಡು ಹಿಡಿಯಲು ಕಲಿಸಿದ್ದು ನೂರು ವರ್ಷ ಹಳೆಯ ಕಪ್ಪು ರಗ್ಬಿಯ ಪರಂಪರೆ.

ಮೀಸಲಾತಿಯಿಂದ ಬಂದ ನಾಯಕ ಎಂಬ ಕೊಂಕು ಆಗ ಕೇಳಿಬಂತು. ಆ ಕೊಂಕಿನ ಧಾಟಿ ನಮಗೆ ಅಪರಿಚಿತವೇನಲ್ಲ. ನಾಯಕನಾಗಿ ಮೊದಲ ಟೆಸ್ಟಿನಲ್ಲಿ ಇಂಗ್ಲೆಂಡ್ ಎದುರು 24-3ರಿಂದ ಹಿಂದಿದ್ದ ತಂಡ 42-39ಕ್ಕೆ ಗೆದ್ದಿತು. ಉತ್ತರ ಪೂರ್ತಿಯಾಗಿ ಬಂದದ್ದು 2019ರ ನವೆಂಬರ್ 2ರಂದು, ಜಪಾನಿನ ಯೊಕೊಹಾಮಾದಲ್ಲಿ.

ನನ್ನ ಮಟ್ಟಿಗೆ ದಕ್ಷಿಣ ಆಫ್ರಿಕಾ ರಗ್ಬಿಯ ಅತಿ ದೊಡ್ಡ ಗಳಿಗೆ ಆ ಸಂಜೆ. ಎದುರಿಗೆ ಮತ್ತೆ ಇಂಗ್ಲೆಂಡ್. ಪಂದ್ಯದ ಮೊದಲ ನಿಮಿಷಗಳಲ್ಲೇ ಅವರ ಪ್ರಾಪ್ ಕೈಲ್ ಸಿಂಕ್ಲರ್ ತಲೆಗೆ ಪೆಟ್ಟಾಗಿ ಹೊರನಡೆದರು, ಬದಲಿಗೆ ಡಾನ್ ಕೋಲ್ ಬಂದರು. ಅವರೆದುರು ನಿಂತವರು ಹರಾರೆಯಲ್ಲಿ ಹುಟ್ಟಿ ದಕ್ಷಿಣ ಆಫ್ರಿಕಾಕ್ಕೆ ಬಂದ ಟೆಂಡಾಯಿ ಮ್ಟವಾರಿರಾ, ಅಭಿಮಾನಿಗಳ ಬಾಯಲ್ಲಿ ‘ಬೀಸ್ಟ್’. ಅವರ ಪಕ್ಕದ ಹೂಕರ್ ಬೊಂಗಿ ಎಂಬೊನಾಂಬಿ. ಸ್ಕ್ರಮ್ ಕಟ್ಟಿದಾಗ ಕೋಲ್ ಬೆನ್ನು ಬಿಲ್ಲಿನಂತೆ ಮೇಲೇಳುವುದು, ಕಾಲು ನೆಲ ಬಿಡುವುದು ಪರದೆಯಲ್ಲೇ ಕಾಣುತ್ತದೆ. ಪದೇ ಪದೇ ಪೆನಾಲ್ಟಿ. ಹಾಂಡ್ರೆ ಪೊಲಾರ್ಡ್ ಒದೆತಗಳಿಂದ ಬಂದದ್ದು 22 ಅಂಕ. ದಣಿದ ಇಂಗ್ಲೆಂಡ್ ಸಾಲು ಕೊನೆಗೆ ಹರಿದದ್ದು ಎಡ ಅಂಚಿನಲ್ಲಿ. ಮಕಜೋಲೆ ಮಪಿಂಪಿ ರಕ್ಷಕರ ತಲೆಯ ಮೇಲಿಂದ ಚೆಂಡನ್ನು ಮೆಲ್ಲಗೆ ಒದ್ದರು. ಅದು ಪುಟಿದು ಲುಖಾನ್ಯೊ ಆಮ್ ಕೈಸೇರಿತು. ಆಮ್ ತಾವೇ ಗೆರೆಗೆ ನುಗ್ಗಬಹುದಿತ್ತು. ಕತ್ತು ಹೊರಳಿಸದೆ ಚೆಂಡನ್ನು ಮಪಿಂಪಿಗೆ ಮರಳಿಸಿದರು. ಮೂರನೇ ಫೈನಲ್ ಆಡುತ್ತಿದ್ದ ದಕ್ಷಿಣ ಆಫ್ರಿಕಾಕ್ಕೆ ವಿಶ್ವಕಪ್ ಫೈನಲ್‌ನಲ್ಲಿ ದಕ್ಕಿದ ಮೊಟ್ಟಮೊದಲ ಟ್ರೈ ಅದು. ಮಪಿಂಪಿ, ಆಮ್, ಕೊಲಿಸಿ ಮೂವರೂ ಪೂರ್ವ ಕೇಪ್‌ನವರು. ಚೆಸ್ಲಿನ್ ಕೋಲ್ಬೆ ಇನ್ನೊಂದು ಟ್ರೈ ಸೇರಿಸಿದರು, 32-12. ಕಣಕ್ಕಿಳಿದ ಹದಿನೈದರಲ್ಲಿ ಆರು ಮಂದಿ ಕಪ್ಪು ಆಟಗಾರರು. ಯಾರೂ ತೋರಿಕೆಗೆ ಬಂದವರಲ್ಲ. ಅವರನ್ನು ತೆಗೆದರೆ ಮುಂಸಾಲೂ ಇಲ್ಲ, ಟ್ರೈಗಳೂ ಇಲ್ಲ, ನಾಯಕನೂ ಇಲ್ಲ. 1995ರ ಚೆಸ್ಟರ್ ವಿಲಿಯಮ್ಸ್ ಇದನ್ನು ನೋಡಬೇಕಿತ್ತು. ಎಂಟು ವಾರಗಳ ಹಿಂದಷ್ಟೇ ತೀರಿಕೊಂಡಿದ್ದರು.

ನ್ಯೂಜಿಲೆಂಡ್ ಎದುರಿನ 2023ರ ಫೈನಲ್ ನೀವೇ ನೋಡಿದ್ದೀರಿ. ಪೀಟರ್ ಸ್ಟೆಫ್ ಡು ಟಾಯ್ ಮಾಡಿದ 28 ಟ್ಯಾಕಲ್‌ಗಳನ್ನು ಇನ್ನೊಮ್ಮೆ ಬಿಡಿಬಿಡಿಯಾಗಿ ನೋಡಿ ಎಂದಷ್ಟೇ ಹೇಳುತ್ತೇನೆ. ಬಹುಪಾಲು ಕೆಳಗೆ, ತೊಡೆಯ ಮಟ್ಟದಲ್ಲಿವೆ. ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ 15-6ರಿಂದ ಮುಂದಿದ್ದಾಗ ಬೆಂಚಿನಿಂದ ಬಂದ ಪ್ರಾಪ್ ಓಕ್ಸ್ ಎನ್‌ಚೆ ಸ್ಕ್ರಮ್‌ನ ಗತಿಯನ್ನೇ ತಿರುಗಿಸಿದರು. ಮೂರು ನಿಮಿಷವೂ ಉಳಿಯದಿದ್ದಾಗ ಸ್ಕ್ರಮ್‌ನಿಂದ ಗಿಟ್ಟಿಸಿದ ಪೆನಾಲ್ಟಿಯನ್ನು ಪೊಲಾರ್ಡ್ ಸುಮಾರು 49 ಮೀಟರ್ ದೂರದಿಂದ ಒದ್ದು 16-15 ಮಾಡಿದರು. ಅದೇ ಪೊಲಾರ್ಡ್ ಮೂಲ ತಂಡದಲ್ಲಿ ಇರಲೇ ಇಲ್ಲ. ಹೂಕರ್ ಮಾಲ್ಕಮ್ ಮಾರ್ಕ್ಸ್ ಗಾಯಗೊಂಡಾಗ ಬಂದವರು. ಒಬ್ಬ ಹೂಕರ್ ಬದಲಿಗೆ ಒದೆತಗಾರನನ್ನು ಕರೆಸಿದ ಧೈರ್ಯ ಕೋಚ್‌ಗಳದ್ದು. ಫೈನಲ್‌ನ ಎರಡನೇ ನಿಮಿಷಕ್ಕೇ ಎಂಬೊನಾಂಬಿ ಗಾಯಗೊಂಡಾಗ, 37 ವರ್ಷದ ಡಿಯೋನ್ ಫೂರಿ ಉಳಿದ ಪಂದ್ಯವನ್ನೆಲ್ಲ ಹೂಕರ್ ಆಗಿ ಎಳೆದು ಗೆಲುವಿನ ದಡ ಮುಟ್ಟಿಸಿದರು.

ಹಾಗಾದರೆ ದಿಗ್ಗಜರು ಯಾರು? ಹಳಬರಲ್ಲಿ 1960ರ ದಶಕದ, ಸ್ಕ್ರಮ್‌ನ ಎರಡನೇ ಸಾಲಿನ ಲಾಕ್ ಆಟಗಾರ ಫ್ರಿಕ್ ಡು ಪ್ರೀಜ್ ಅವರನ್ನು ಬಿಡುವಂತಿಲ್ಲ. ಅಷ್ಟು ದೊಡ್ಡ ದೇಹ ಹೊತ್ತು ಸ್ಕ್ರಮ್‌ನ ಹಿಂದಿನ ಓಟಗಾರನಂತೆ ಓಡುತ್ತಿದ್ದ ಅವರನ್ನು ದಕ್ಷಿಣ ಆಫ್ರಿಕಾ ತನ್ನ ಶತಮಾನದ ಆಟಗಾರ ಎಂದು ಆರಿಸಿತು. ಗರ್ಬರ್, ವಾನ್ ಡರ್ ವೆಸ್ಟ್‌ಹೈಜನ್, ಡು ರಾಂಟ್, ಮ್ಯಾಟ್‌ಫೀಲ್ಡ್, ಹಬಾನಾ ಹೆಸರುಗಳಿಗೆ ಯಾರ ತಕರಾರೂ ಇರಲಾರದು. ಮ್ಯಾಟ್‌ಫೀಲ್ಡ್ ಅವರ 127 ಟೆಸ್ಟ್‌ಗಳ ದಾಖಲೆಯನ್ನು 2024ರಲ್ಲಿ ದಾಟಿದ ಎಬೆನ್ ಎಟ್ಜೆಬೆತ್ ಕೂಡ ಸೇರುತ್ತಾರೆ. ಒಬ್ಬರನ್ನೇ ಆರಿಸು ಎಂದರೆ ನಾನು ಮ್ಟವಾರಿರಾ ಎನ್ನುತ್ತೇನೆ. ಕೊಲಿಸಿ ಹೆಚ್ಚು ಮಹತ್ವದ ವ್ಯಕ್ತಿ, ಹಬಾನಾ ಕಣ್ಣಿಗೆ ಹೆಚ್ಚು ಹಬ್ಬ. ಆದರೆ ಈ ತಂಡ ತನ್ನ ಪ್ರಾಣವೆಂದು ತಿಳಿದ ಜಾಗದಲ್ಲಿ, ಮುಂಸಾಲಿನಲ್ಲಿ, 117 ಟೆಸ್ಟ್ ನಿಂತು, ಕೊನೆಯ ಟೆಸ್ಟ್ ಆಗಿ ವಿಶ್ವಕಪ್ ಫೈನಲ್ ಗೆಲ್ಲಿಸಿಕೊಟ್ಟು ಹೋದವರು ಅವರೊಬ್ಬರೇ.

ಇನ್ನು ನಿಮ್ಮ ಗೆಳೆಯರಿಗೆ ತೋರಿಸಬೇಕಾದ ಪಂದ್ಯ 2023ರ ಕ್ವಾರ್ಟರ್‌ಫೈನಲ್, ಪ್ಯಾರಿಸ್‌ನಲ್ಲಿ ಫ್ರಾನ್ಸ್ ವಿರುದ್ಧ 29-28. ಫ್ರಾನ್ಸ್‌ನ ತೋಮಾ ರಾಮೋಸ್ ಕನ್ವರ್ಷನ್ (ಟ್ರೈ ನಂತರ ಸಿಗುವ ಒದೆತ) ಒದೆಯಲು ಹೆಜ್ಜೆಯಿಟ್ಟ ಕ್ಷಣವೇ ಗೆರೆಯಿಂದ ಬಾಣದಂತೆ ಓಡಿಬಂದು ಚೆಂಡನ್ನು ತಡೆದ ಕೋಲ್ಬೆಯನ್ನು ನೋಡಲಿ. ಎತ್ತರ ಐದೂಮುಕ್ಕಾಲು ಅಡಿಗೂ ಕಡಿಮೆ. ಉಳಿಸಿದ್ದು ಎರಡು ಅಂಕ, ಗೆದ್ದದ್ದು ಒಂದು ಅಂಕದಿಂದ. ಅದೇ ಪಂದ್ಯದ ಮೊದಲಾರ್ಧದಲ್ಲಿ ಫುಲ್‌ಬ್ಯಾಕ್ ಡೇಮಿಯನ್ ವಿಲೆಮ್ಸೆ ತಮ್ಮ ಗೆರೆಗೆ ಹತ್ತಿರದಲ್ಲಿ ಚೆಂಡನ್ನು ನೇರವಾಗಿ ಹಿಡಿದು ‘ಮಾರ್ಕ್’ ಕೂಗಿದರು, ಅಂದರೆ ಎದುರಾಳಿಯ ಅಡ್ಡಿಯಿಲ್ಲದ ಫ್ರೀ ಕಿಕ್ ಪಡೆದರು. ಅಂಥಲ್ಲಿ ಯಾರಾದರೂ ಚೆಂಡನ್ನು ದೂರಕ್ಕೆ ಒದ್ದು ನಿಟ್ಟುಸಿರು ಬಿಡುತ್ತಾರೆ. ವಿಲೆಮ್ಸೆ ಎರಡೂ ಕೈಗಳನ್ನು ಎದುರುಬದುರು ಮಾಡಿ ರೆಫರಿಗೆ ಸನ್ನೆ ಮಾಡಿದರು: ಸ್ಕ್ರಮ್ ಬೇಕು. ಪಾಲ್ ರೂಸ್ ತಂತಿ ಕಳಿಸಿ ಆಗ 86 ವರ್ಷವಾಗಿತ್ತು. ಇನ್ನು ಮುಂದೆ ಹಾಗೆ ಕೇಳುವಂತಿಲ್ಲ. 2024ರ ಜುಲೈಯಿಂದ ಫ್ರೀ ಕಿಕ್ ಬದಲು ಸ್ಕ್ರಮ್ ಆರಿಸುವ ಅವಕಾಶವನ್ನು ವಿಶ್ವ ರಗ್ಬಿ ಸಂಸ್ಥೆ ನಿಯಮದಿಂದ ತೆಗೆದುಹಾಕಿದೆ.